ತೂಗುಸೇತುವೆಗೆ ಹೋಗುವ ಮುನ್ನ: ಅರಂಬೂರಿನಿಂದ ಕೆಮ್ಮಣ್ಣಿಗೆ

ಹೊಳೆಯ ಆಚೆ ದಡದಲ್ಲಿ ಮನೆ, ತೋಟ, ಹಟ್ಟಿ; ಈಚೆ ದಡದಲ್ಲಿ ಶಾಲೆ, ಅಂಗಡಿ, ಆಸ್ಪತ್ರೆ, ಬಸ್ಸು. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಊರುಗಳ ಸ್ಥಿತಿ ತಲೆಮಾರುಗಳ ಕಾಲ ಹೀಗೇ ಇತ್ತು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ದಾಟುವ ಹೊಳೆ ಜೂನ್ ಬಂತೆಂದರೆ ಕೆಂಪಗಾಗಿ ದಿಮ್ಮಿಗಳನ್ನು ಹೊತ್ತುಕೊಂಡು ಹರಿಯುತ್ತದೆ. ಅಡಿಕೆ ಮರದ ಕಾಲುಸಂಕ ಮೊದಲ ನೆರೆಗೇ ಹೋಗುತ್ತದೆ. ದೋಣಿಯವನಿಗೂ ಹುಟ್ಟು ಹಾಕುವ ಧೈರ್ಯ ಬರುವುದಿಲ್ಲ. ಆಗ ಮಕ್ಕಳ ಶಾಲೆ ನಿಲ್ಲುತ್ತದೆ, ಹಾಲು ಡೈರಿಗೆ ತಲುಪುವುದಿಲ್ಲ, ಹೆರಿಗೆ ನೋವು ಬಂದವರನ್ನು ಹೊತ್ತುಕೊಂಡು ಹತ್ತಾರು ಕಿಲೋಮೀಟರ್ ಸುತ್ತಬೇಕಾಗುತ್ತದೆ.

ನಮ್ಮ ಕಡೆಯ ತೂಗುಸೇತುವೆಗಳು ಹುಟ್ಟಿದ್ದು ಈ ಕಷ್ಟದಿಂದ. ಇವತ್ತು ಅದೇ ಸೇತುವೆಗಳನ್ನು ನೋಡಲೆಂದೇ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಿಂದ ಜನ ಬರುತ್ತಾರೆ. ಬರಲಿ, ನೋಡುವಂಥದ್ದು ಅಲ್ಲಿ ಬಹಳ ಇದೆ. ಆದರೆ ಬಂದವರಲ್ಲಿ ಹೆಚ್ಚಿನವರು ನಡುವಿಗೆ ಹೋಗಿ ನಾಲ್ಕು ಸಲ ಕುಣಿದು, ಫೋಟೊ ಹಿಡಿದು, ಹತ್ತು ನಿಮಿಷದಲ್ಲಿ ಕಾರು ಹತ್ತುತ್ತಾರೆ. ಸೇತುವೆಯನ್ನು ಅವರು ನೋಡಿಯೇ ಇರುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾವ ಕಾಲದಲ್ಲಿ, ಹತ್ತುವ ಮೊದಲು ಏನನ್ನು ಗಮನಿಸಬೇಕು, ಇನ್ನೊಬ್ಬರ ಮನೆಯ ದಾರಿಯ ಮೇಲೆ ಹೇಗೆ ನಡೆಯಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಈ ಬರಹ.

ಮೊದಲು ಅರಂಬೂರು

ಸುಳ್ಯದಿಂದ ಮಡಿಕೇರಿ ಕಡೆಗೆ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರ್ ಹೋದರೆ ಅರಂಬೂರು. ರಸ್ತೆಯ ಮಗ್ಗುಲಲ್ಲೇ ಪಯಸ್ವಿನಿ ಹರಿಯುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಕೇರಳದಲ್ಲಿ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲು ಸೇರುವ ಹೊಳೆ ಇದು. ಇಲ್ಲಿ 1989ರಲ್ಲಿ ಒಂದು ತೂಗುಸೇತುವೆ ಎದ್ದಿತು. ಕಟ್ಟಿದವರು ಸುಳ್ಯದ ಗಿರೀಶ್ ಭಾರದ್ವಾಜ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಊರಿಗೆ ಮರಳಿ ವರ್ಕ್‌ಶಾಪ್ ನಡೆಸುತ್ತಿದ್ದವರು. ಸೇತುವೆ ಕಟ್ಟುವುದು ಸಿವಿಲ್ ಎಂಜಿನಿಯರುಗಳ ಕೆಲಸ ಎಂದು ಅವರು ಕೈಚೆಲ್ಲಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಬದಲಿಗೆ ಅವರು ತಮಗೆ ಗೊತ್ತಿದ್ದ ವಸ್ತುಗಳನ್ನೇ ನೆಚ್ಚಿಕೊಂಡರು: ಉಕ್ಕಿನ ಹಗ್ಗ, ಸರಳು, ಬೋಲ್ಟು, ವೆಲ್ಡಿಂಗು.

ಅಲ್ಲಿಂದ ಮುಂದೆ ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣ, ಒಡಿಶಾಗಳ ಕುಗ್ರಾಮಗಳಲ್ಲಿ ಅವರು ಕಟ್ಟಿದ ತೂಗುಸೇತುವೆಗಳ ಸಂಖ್ಯೆ ನೂರನ್ನು ದಾಟಿತು. 2017ರಲ್ಲಿ ಪದ್ಮಶ್ರೀ ಬಂತು. ಜನ ಅವರನ್ನು ‘ಸೇತುಬಂಧು’ ಎಂದು ಕರೆದದ್ದು ಅದಕ್ಕೂ ಮುಂಚೆ. ಈ ಎಲ್ಲ ಕೆಲಸದ ಮೂಲ ಅರಂಬೂರು. ಅದಕ್ಕೇ, ತೂಗುಸೇತುವೆಗಳನ್ನು ನಿಜವಾಗಿ ತಿಳಿಯಬೇಕು ಎನ್ನುವವರು ಪ್ರವಾಸವನ್ನು ಇಲ್ಲಿಂದ ಶುರು ಮಾಡುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಪ್ರವಾಸಿ ತಾಣದ ಗದ್ದಲ ಇಲ್ಲಿಲ್ಲ. ಹೊಳೆ, ಹೊಳೆಯಾಚೆಯ ಅಡಿಕೆ ತೋಟ, ನಡುವೆ ಒಂದು ದಾರಿ ಅಷ್ಟೇ.

ಪಯಸ್ವಿನಿಯಂಥ ಹೊಳೆಗೆ ತೂಗುಸೇತುವೆಯೇ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ದಡದಲ್ಲಿ ನಿಂತರೆ ಸಿಗುತ್ತದೆ. ಕಾಂಕ್ರೀಟು ಸೇತುವೆಗೆ ನೀರಿನ ನಡುವೆ ಕಂಬ ಬೇಕು. ಆ ಕಂಬದ ಬುಡ ಬಂಡೆಗೆ ಇಳಿಯಬೇಕು, ನೆರೆಯಲ್ಲಿ ತೇಲಿಬರುವ ಮರಗಳ ಹೊಡೆತವನ್ನೂ ತಾಳಬೇಕು. ಅದಕ್ಕೆ ಯಂತ್ರ ಬರಬೇಕು, ಯಂತ್ರ ಬರಲು ರಸ್ತೆ ಬೇಕು. ಆ ರಸ್ತೆ ಇಲ್ಲದ್ದೇ ಊರಿನ ಮೂಲ ಸಮಸ್ಯೆ. ತೂಗುಸೇತುವೆ ನೀರಿಗೆ ಇಳಿಯುವುದೇ ಇಲ್ಲ. ಎರಡು ದಡದಲ್ಲಿ ಎರಡು ಗೋಪುರ, ಹಿಂದೆ ನೆಲದೊಳಗೆ ಹೂತ ಕಾಂಕ್ರೀಟಿನ ಲಂಗರು, ನಡುವೆ ಉಕ್ಕಿನ ಹಗ್ಗ. ಮೊದಲು ಸಣ್ಣ ಹಗ್ಗವೊಂದನ್ನು ದೋಣಿಯಲ್ಲೋ ಈಜಿಯೋ ಆಚೆಗೆ ಒಯ್ದು, ಅದಕ್ಕೆ ದೊಡ್ಡದನ್ನು ಕಟ್ಟಿ ಎಳೆದುಕೊಳ್ಳಬಹುದು. ಸಾಮಾನುಗಳನ್ನು ತಲೆಯ ಮೇಲೆ, ಹೆಗಲ ಮೇಲೆ ಹೊರಬಹುದು. ಒಂದು ಮಳೆಗಾಲ ಮುಗಿದು ಇನ್ನೊಂದು ಹಿಡಿಯುವುದರೊಳಗೆ ಕೆಲಸ ಮುಗಿಯುತ್ತದೆ. ಖರ್ಚೂ ಕಾಂಕ್ರೀಟು ಸೇತುವೆಗೆ ತಗಲುವುದರ ಒಂದು ಸಣ್ಣ ಪಾಲು. ಮಣ್ಣು ಹೊರಲು, ಕಲ್ಲು ಒಡೆಯಲು ಊರವರೇ ನಿಲ್ಲಬಹುದಾದ್ದರಿಂದ ‘ನಾವು ಕಟ್ಟಿದ ಸೇತುವೆ’ ಎಂಬ ಭಾವ ಊರಲ್ಲಿ ಉಳಿಯುತ್ತದೆ.

ಸುಳ್ಯಕ್ಕೆ ಮಂಗಳೂರಿನಿಂದ ಪುತ್ತೂರು ಮಾರ್ಗವಾಗಿಯೂ, ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿಯ ಮಾರ್ಗವಾಗಿಯೂ ಬಸ್ಸುಗಳು ಧಾರಾಳ. ರೈಲಿನಲ್ಲಿ ಬರುವವರು ಕಬಕ ಪುತ್ತೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮಡಿಕೇರಿ ಕಡೆಯಿಂದ ಮಳೆಗಾಲದಲ್ಲಿ ಬರುವ ಯೋಚನೆ ಇದ್ದರೆ ಘಾಟಿಯ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಳ್ಳಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಈ ರಸ್ತೆ ಕುಸಿದು ಸಂಚಾರ ನಿಂತದ್ದು ಆ ಕಡೆಯವರಿಗೆಲ್ಲ ನೆನಪಿದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದು, ತೂಗಾಟ ಹೇಗಿರುತ್ತದೆ ಎಂದು ಮೊದಲು ಸುಲಭವಾದ ಜಾಗದಲ್ಲಿ ನೋಡಬೇಕು ಅನ್ನಿಸಿದರೆ, ಅದೇ ಮಾರ್ಗದಲ್ಲಿ ಕುಶಾಲನಗರದ ಕಾವೇರಿ ನಿಸರ್ಗಧಾಮವಿದೆ. ಕಾವೇರಿಯ ನಡುವಿನ ದ್ವೀಪಕ್ಕೆ ತೂಗುಸೇತುವೆಯ ಮೇಲೇ ಹೋಗಬೇಕು. ಟಿಕೆಟ್ಟು, ಕಾವಲುಗಾರರು, ಬಿದಿರ ನೆರಳು ಎಲ್ಲ ಇರುವ ಜಾಗ. ಆದರೆ ಅದು ಉದ್ಯಾನದ ಸೇತುವೆ. ಅದರ ಮೇಲೆ ಯಾರೂ ಪಡಿತರದ ಅಕ್ಕಿ ಹೊತ್ತು ಮನೆಗೆ ಹೋಗುವುದಿಲ್ಲ.

ಕೆಮ್ಮಣ್ಣು: ಕುದ್ರುವಿನ ಬಾಗಿಲು

ಅರಂಬೂರು ಬೆಟ್ಟದ ಹೊಳೆಯ ಸೇತುವೆಯಾದರೆ ಉಡುಪಿಯ ಕೆಮ್ಮಣ್ಣಿನದು ಅಳಿವೆಯ ಸೇತುವೆ. ಕಾರ್ಕಳದ ಮೇಲಿನ ಘಟ್ಟಗಳಿಂದ ಇಳಿದು, ಬಜೆಯ ಅಣೆಕಟ್ಟಿನಲ್ಲಿ ಉಡುಪಿ ನಗರಕ್ಕೆ ಕುಡಿಯುವ ನೀರು ಕೊಟ್ಟು ಬರುವ ಸ್ವರ್ಣಾ ನದಿ ಇಲ್ಲಿ ಹರಡಿಕೊಳ್ಳುತ್ತದೆ, ಕವಲೊಡೆಯುತ್ತದೆ, ನಡುವೆ ಕುದ್ರುಗಳನ್ನು, ಅಂದರೆ ನಡುಗಡ್ಡೆಗಳನ್ನು, ಬಿಟ್ಟುಕೊಡುತ್ತದೆ. ಅಂಥದೊಂದು ಕುದ್ರು ತಿಮ್ಮಣ್ಣ ಕುದ್ರು. ದೋಣಿಯನ್ನೇ ನೆಚ್ಚಿಕೊಂಡಿದ್ದ ಈ ಕುದ್ರುವಿಗೆ 1991ರಲ್ಲಿ ತೂಗುಸೇತುವೆ ಬಂತು. ಇದನ್ನೂ ಕಟ್ಟಿದವರು ಭಾರದ್ವಾಜರೇ.

ಹೋಗುವ ದಾರಿ ಸುಲಭ. ಉಡುಪಿಯಿಂದ ಕುಂದಾಪುರ ಕಡೆಗೆ ಹೆದ್ದಾರಿ 66ರಲ್ಲಿ ಸಂತೆಕಟ್ಟೆ ಬರುತ್ತದೆ. ಅಲ್ಲಿ ಎಡಕ್ಕೆ ತಿರುಗಿ ನೇಜಾರು ಮೂಲಕ ಕೆಮ್ಮಣ್ಣು. ಉಡುಪಿಯಿಂದ ಒಟ್ಟು ಹತ್ತು ಕಿಲೋಮೀಟರಿನ ಆಸುಪಾಸು. ಹೂಡೆ, ಕೋಡಿಬೇಂಗ್ರೆ ಕಡೆಗೆ ಹೋಗುವ ಬಸ್ಸು ಹತ್ತಿ, ‘ತೂಗುಸೇತುವೆ ಹತ್ರ ಇಳಿಸಿ’ ಎಂದರೆ ಕಂಡಕ್ಟರಿಗೆ ಗೊತ್ತಾಗುತ್ತದೆ. ನಿಲ್ದಾಣದಿಂದ ಸ್ವಲ್ಪ ನಡೆಯಬೇಕು. ರೈಲಿನವರಿಗೆ ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿದೆ. ಸ್ವಂತ ಕಾರಿನವರಿಗೆ ಒಂದು ಮಾತು: ಕೊನೆಯ ದಾರಿ ಕಿರಿದು, ಮನೆಗಳ ಅಂಗಳಕ್ಕೆ ತಾಗಿಕೊಂಡೇ ಹೋಗುತ್ತದೆ. ಕಾರನ್ನು ಹಿಂದೆಯೇ ಅಗಲವಾದ ಜಾಗದಲ್ಲಿ ನಿಲ್ಲಿಸಿ ನಡೆದು ಬನ್ನಿ. ಭಾನುವಾರ ಸಂಜೆ ಅಲ್ಲಿ ಸಾಲುಗಟ್ಟುವ ವಾಹನಗಳಿಂದ ಕುದ್ರುವಿನವರ ಆಟೊ, ಮೀನಿನವರ ಸ್ಕೂಟರು ದಾರಿ ಸಿಗದೆ ನಿಲ್ಲುವುದುಂಟು. ವಾರದ ದಿನ ಬೆಳಿಗ್ಗೆ ಹೋದರೆ ನಿಮಗೂ ಸುಖ, ಅವರಿಗೂ ಸುಖ.

ಅಳಿವೆಯ ಸೇತುವೆ ನೋಡುವವರು ಕಡಲಿನ ಭರತ ಇಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ಪ್ರತಿದಿನ ಮುಕ್ಕಾಲು ಗಂಟೆಯಷ್ಟು ಮುಂದೆ ಸರಿಯುತ್ತಾ ಹೋಗುತ್ತದೆ. ಭರತದಲ್ಲಿ ನೀರು ತುಂಬಿ, ತೆಂಗಿನ ನೆರಳು ಬಿದ್ದು, ಫೋಟೊ ಚೆನ್ನಾಗಿ ಬರುತ್ತದೆ. ನನಗೆ ಇಷ್ಟವಾದದ್ದು ಇಳಿತದ ಹೊತ್ತು. ಆಗ ಕೆಸರಿನ ದಂಡೆ ಮೇಲೇಳುತ್ತದೆ. ಬೆಳ್ಳಕ್ಕಿಗಳು ಬರುತ್ತವೆ, ಏಡಿಗಳು ಬಿಲದಿಂದ ಹೊರಬರುತ್ತವೆ, ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರು ಕಾಣಸಿಗುತ್ತಾರೆ. ಕುದ್ರುವಿನ ಬದುಕು ಯಾವುದರ ಮೇಲೆ ನಿಂತಿದೆ ಎಂಬುದು ಭರತದಲ್ಲಿ ಮುಚ್ಚಿರುತ್ತದೆ, ಇಳಿತದಲ್ಲಿ ತೆರೆದುಕೊಳ್ಳುತ್ತದೆ. ಭರತ ಇಳಿತದ ಸಮಯವನ್ನು ಫೋನಿನಲ್ಲಿ ನೋಡಬಹುದು. ಅಂಗಡಿಯಲ್ಲಿ ಕೇಳಿದರೆ ಇನ್ನೂ ನೆಚ್ಚಿಗೆಯ ಉತ್ತರ ಸಿಗುತ್ತದೆ.

ಹತ್ತುವ ಮೊದಲು ಸೇತುವೆ ಓದಿ

ಯಾವುದೇ ತೂಗುಸೇತುವೆಗೆ ಹೋದರೂ ನೇರವಾಗಿ ಹಲಗೆಯ ಮೇಲೆ ಕಾಲಿಡಬೇಡಿ. ಮೊದಲು ಪಕ್ಕದಿಂದ, ದಡದಲ್ಲಿ ಸ್ವಲ್ಪ ದೂರ ಸರಿದು ನೋಡಿ. ದೊಡ್ಡ ಹಗ್ಗ ಗೋಪುರದ ನೆತ್ತಿಯಿಂದ ಹೊರಟು, ನಡುವಿನಲ್ಲಿ ಜೋತು, ಆಚೆಯ ಗೋಪುರಕ್ಕೆ ಏರುತ್ತದೆ. ಆ ಜೋಲು ಸುಮ್ಮನೆ ಬಂದದ್ದಲ್ಲ, ಲೆಕ್ಕ ಹಾಕಿ ಇಟ್ಟದ್ದು. ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗವನ್ನು ನೆನೆಯಿರಿ: ತೀರಾ ಬಿಗಿಯಾಗಿ ಕಟ್ಟಿದ ಹಗ್ಗ ಒದ್ದೆ ಕಂಬಳಿಯ ಭಾರಕ್ಕೆ ಮೊಳೆಯನ್ನೇ ಕಿತ್ತುಕೊಂಡು ಬರುತ್ತದೆ, ಸ್ವಲ್ಪ ಸಡಿಲ ಬಿಟ್ಟದ್ದು ತಾಳುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ, ತಲಾ 60 ಕಿಲೋ ತೂಕದ 100 ಜನ ಸೇತುವೆಯುದ್ದಕ್ಕೂ ಸಮನಾಗಿ ನಿಂತರು ಎನ್ನಿ. ಅವರ ಭಾರ 6 ಟನ್. ನಡುವಿನ ಜೋಲು ಸೇತುವೆಯ ಉದ್ದದ ಹತ್ತನೇ ಒಂದು ಪಾಲು ಇದ್ದರೆ, ಆ ಭಾರದಿಂದ ಹಗ್ಗಗಳಲ್ಲಿ ಹುಟ್ಟುವ ಅಡ್ಡ ಎಳೆತ ಒಟ್ಟು ಏಳೂವರೆ ಟನ್. ಜೋಲು ಇಪ್ಪತ್ತನೇ ಒಂದು ಪಾಲಿಗೆ ಇಳಿದರೆ ಎಳೆತ 15 ಟನ್ನಿಗೆ ಏರುತ್ತದೆ. ಸೇತುವೆಯ ಸ್ವಂತ ತೂಕದ ಎಳೆತ ಇದಕ್ಕೆ ಸೇರಬೇಕು. ಇಷ್ಟನ್ನೂ ಹಿಡಿದು ನಿಲ್ಲುವುದು ಗೋಪುರದ ಹಿಂದೆ ನೆಲದಲ್ಲಿ ಹೂತ ಲಂಗರು. ಪ್ರವಾಸಿಗರು ನೋಡದೆ ದಾಟಿಹೋಗುವ ಭಾಗ ಅದೇ. ಗಿಡಗಂಟಿಯ ನಡುವೆ ಕಾಂಕ್ರೀಟಿನ ದಿಮ್ಮಿಯೊಂದು ಇರುತ್ತದೆ, ಅದರೊಳಕ್ಕೆ ಹಗ್ಗ ಇಳಿದಿರುತ್ತದೆ. ಅಲ್ಲಿಗೆ ಹೋಗಿ ಒಂದು ನಿಮಿಷ ನಿಲ್ಲಿ. ಸೇತುವೆಯ ಬೇರು ಅಲ್ಲಿದೆ.

ಹಗ್ಗವನ್ನು ಹತ್ತಿರದಿಂದ ನೋಡಿದರೆ ಅದು ಒಂದೇ ಗಟ್ಟಿ ಸರಳಲ್ಲ. ತೆಳ್ಳಗಿನ ಉಕ್ಕಿನ ತಂತಿಗಳನ್ನು ಹೊಸೆದು ಎಳೆ, ಎಳೆಗಳನ್ನು ಹೊಸೆದು ಹಗ್ಗ. ಒಂದು ತಂತಿ ಹರಿದರೆ ಪಕ್ಕದವು ಭಾರ ಹಂಚಿಕೊಳ್ಳುತ್ತವೆ. ಅದೇ ಅದರ ಗುಣ. ಅಪಾಯವೂ ಅಲ್ಲೇ ಇದೆ, ಒಳಗಿನ ತಂತಿಗಳು ಸವೆಯುತ್ತಾ ಬಂದರೂ ಹೊರಗೆ ಬಣ್ಣ ಹೊಳೆಯುತ್ತಿರಬಹುದು. ಚೆನ್ನಾಗಿ ನೋಡಿಕೊಂಡ ಹಗ್ಗವನ್ನು ಮುಟ್ಟಿದರೆ ಬೆರಳಿಗೆ ಗ್ರೀಸು ಹತ್ತುತ್ತದೆ. ಬಟ್ಟೆಗೆ ತಾಗಿದರೆ ಬೇಸರಪಡಬೇಡಿ, ಅದು ಒಳ್ಳೆಯ ಗುರುತು. ಒಣಗಿ, ಕೆಂಪು ಪುಡಿ ಉದುರುವ ಹಗ್ಗ ಕಂಡರೆ ಅದು ಊರ ಪಂಚಾಯಿತಿಗೆ ತಿಳಿಸಬೇಕಾದ ಸಂಗತಿ.

ಹಗ್ಗದ ತುದಿಯನ್ನು ಮಡಚಿ ತನಗೇ ಬಿಗಿದಿರುವ ಕಡೆ ಯು ಆಕಾರದ ಕ್ಲಿಪ್ಪುಗಳ ಸಾಲು ಇರಬಹುದು. ಈ ಕ್ಲಿಪ್ಪು ಬಿಗಿಯುವುದಕ್ಕೂ ಒಂದು ಕ್ರಮ ಇದೆ. ಯು ಬೋಲ್ಟಿನ ಬಾಗಿದ ಕಡೆ ಹಗ್ಗವನ್ನು ಕಚ್ಚುತ್ತದೆ, ಅದು ಕೂರಬೇಕಾದದ್ದು ಮಡಚಿದ ಮೋಟು ತುದಿಯ ಮೇಲೆ. ಭಾರ ಹೊರುವ ಕಡೆಗೆ ಕ್ಲಿಪ್ಪಿನ ಅಗಲವಾದ, ಅಚ್ಚು ಇರುವ ತಳ ಬರಬೇಕು. ತಿರುಗುಮುರುಗಾಗಿ ಹಾಕಿದರೆ ಭಾರ ಹೊರುವ ಹಗ್ಗವನ್ನೇ ಬೋಲ್ಟು ಹಿಸುಕುತ್ತದೆ. ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಹುಟ್ಟಿದ ಸೇತುವೆಗಳು ಇವು ಎಂಬುದು ಇಂಥ ಸಣ್ಣ ಜಾಗಗಳಲ್ಲಿ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಇದನ್ನು ತೋರಿಸಿ. ಭೌತಶಾಸ್ತ್ರದ ಪುಸ್ತಕದ ಬಲ, ಎಳೆತ, ಸಮತೋಲ ಎಲ್ಲವೂ ಕಣ್ಣೆದುರಿಗೇ ಇರುತ್ತವೆ.

ಕುಣಿಸಬೇಡಿ ಎನ್ನುವುದು ಏಕೆ

ಈ ಸೇತುವೆಗಳ ಮೇಲೆ ನಡೆದರೆ ತೂಗುತ್ತದೆ. ತೂಗಲೇಬೇಕು. ಹಗುರ ಸೇತುವೆಯಾದ್ದರಿಂದ ಹೆಜ್ಜೆಯ ಭಾರಕ್ಕೆ ಅಲೆ ಎದ್ದು ಮುಂದೆ ಸಾಗುತ್ತದೆ. ಆ ತೂಗಾಟಕ್ಕೆ ಹೆದರುವ ಕಾರಣ ಇಲ್ಲ. ಹೆದರಬೇಕಾದದ್ದು ಲಯಕ್ಕೆ. ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಗುಂಪಿನ ಹೆಜ್ಜೆಗಳು ಒಂದೇ ತಾಳಕ್ಕೆ ಬಿದ್ದು, ಆ ತಾಳ ಸೇತುವೆಯ ಸ್ವಂತ ತೂಗಾಟದ ತಾಳಕ್ಕೆ ಕೂಡಿಬಿಟ್ಟರೆ ಪ್ರತಿ ಹೆಜ್ಜೆಗೂ ಅಲುಗಾಟ ಬೆಳೆಯುತ್ತಾ ಹೋಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಕವಾಯತು ಹೆಜ್ಜೆಯ ಸೈನಿಕರ ಕೆಳಗೆ ಕುಸಿಯಿತು. 1850ರಲ್ಲಿ ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಬಿರುಗಾಳಿಯ ನಡುವೆ ಸೇತುವೆ ದಾಟುತ್ತಿದ್ದ 200ಕ್ಕೂ ಹೆಚ್ಚು ಸೈನಿಕರು ಸತ್ತರು. ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯಿರಿ ಎಂಬ ಆಜ್ಞೆ ಬ್ರಿಟಿಷ್ ಸೈನ್ಯದಲ್ಲಿ ಬಂದದ್ದು ಬ್ರಾಟನ್ನಿನ ಅವಘಡದ ನಂತರ. 2000ದಲ್ಲಿ ಲಂಡನ್ನಿನ ಹೊಸ ಮಿಲೇನಿಯಂ ಸೇತುವೆ ಕೂಡ ಜನರ ನಡಿಗೆಗೆ ಅಡ್ಡಡ್ಡ ತೂಗಲು ಶುರುವಾಗಿ, ತೆರೆದ ಎರಡೇ ದಿನಕ್ಕೆ ಮುಚ್ಚಬೇಕಾಯಿತು.

ಬ್ರಾಟನ್ನಿನಲ್ಲಿ ಮುರಿದದ್ದು ಒಂದು ಬೋಲ್ಟು. ಆಂಜೆಯಲ್ಲಿ ಲಂಗರಿನ ತಂತಿಗಳು ತುಕ್ಕು ಹಿಡಿದಿದ್ದವು. ಲಯ ಒಂದೇ ಕೊಲ್ಲುವುದಿಲ್ಲ, ತುಕ್ಕಿನ ಜೊತೆ ಸೇರಿದಾಗ ಕೊಲ್ಲುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ತೀರಾ ಇತ್ತೀಚಿನ ಉದಾಹರಣೆ ಗುಜರಾತಿನ ಮೊರ್ಬಿ. ಮಚ್ಛು ನದಿಯ ಮೇಲೆ 1879ರಲ್ಲಿ ಕಟ್ಟಿದ ತೂಗುಸೇತುವೆ ಅದು. ದುರಸ್ತಿ ಮುಗಿಸಿ 2022ರ ಅಕ್ಟೋಬರ್ 26ರಂದು ತೆರೆದರು. 30ರ ಸಂಜೆ ಹರಿದುಬಿತ್ತು. 135 ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ತನಿಖಾ ತಂಡ ಕಂಡುಕೊಂಡದ್ದು: ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು. ಮರದ ಹಲಗೆಯ ಬದಲು ಹಾಕಿದ ಹೊಸ ತಳ ಸೇತುವೆಯ ತೂಕವನ್ನೂ ಹೆಚ್ಚಿಸಿತ್ತು. ಜನರನ್ನು ಲೆಕ್ಕವಿಲ್ಲದೆ ಬಿಟ್ಟಿದ್ದರು.

ಮೊರ್ಬಿಯ ಸುದ್ದಿ ಇನ್ನೂ ಪತ್ರಿಕೆಗಳ ಮುಖಪುಟದಲ್ಲಿದ್ದಾಗಲೇ ನಮ್ಮ ಉತ್ತರ ಕನ್ನಡದ ಯಲ್ಲಾಪುರದ ಕಡೆ, ಕಾಳಿ ನದಿಯ ಹಿನ್ನೀರಿನ ಮೇಲಿರುವ ಶಿವಪುರದ ತೂಗುಸೇತುವೆಗೆ ಪ್ರವಾಸಿಗರು ಕಾರು ಹತ್ತಿಸಿದ್ದರು. ನಡೆಯುವವರಿಗಾಗಿ ಮಾಡಿದ ಸೇತುವೆಯ ಮೇಲೆ ಕಾರು! ಊರವರು ಅಡ್ಡ ನಿಂತು ಅದನ್ನು ಹಿಂದಕ್ಕೆ ಕಳಿಸಿದರು. ಈ ಘಟನೆಯ ವಿಡಿಯೊ ನೋಡಿದವರು ನಕ್ಕಿರಬಹುದು, ಆದರೆ ಆ ಸೇತುವೆ ಹೋದರೆ ಶಿವಪುರದವರು ಯಾವ ದಾರಿಯಲ್ಲಿ ಆಸ್ಪತ್ರೆಗೆ ಹೋಗಬೇಕು? 2019ರ ಆಗಸ್ಟಿನ ನೆರೆಯಲ್ಲಿ ಅದೇ ಜಿಲ್ಲೆಯ ಗಂಗಾವಳಿ ನದಿಯ ರಾಮನಗುಳಿ ತೂಗುಸೇತುವೆ ಕೊಚ್ಚಿಹೋದಾಗ ಆಚೆ ದಡದ ಊರುಗಳಿಗೆ ಒಂದೇ ರಾತ್ರಿಯಲ್ಲಿ ಹಳೆಯ ಕಷ್ಟ ಮರಳಿ ಬಂತು.

ಕೆಮ್ಮಣ್ಣಿನಂಥ ಅಳಿವೆಯ ಸೇತುವೆಗೆ ಇನ್ನೊಂದು ಶತ್ರು ಉಪ್ಪು. ಭರತದ ನೀರಿನಲ್ಲಿ ಉಪ್ಪು, ಬೀಸುವ ಗಾಳಿಯಲ್ಲಿ ಉಪ್ಪು, ಮೇಲೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ. ಒಳನಾಡಿಗಿಂತ ಇಲ್ಲಿ ಕಬ್ಬಿಣ ಬೇಗ ಸವೆಯುತ್ತದೆ. ಆದ್ದರಿಂದ ದುರಸ್ತಿಗೆಂದು ಸೇತುವೆ ಮುಚ್ಚಿದ್ದರೆ ಕೋಪ ಮಾಡಿಕೊಳ್ಳಬೇಡಿ, ತಡೆಯನ್ನು ನೂಕಿ ಹೋಗುವುದಂತೂ ಬೇಡವೇ ಬೇಡ. ದಡದಿಂದಲೇ ನೋಡಿ ಬನ್ನಿ.

ಮೇಲೆ ನಡೆಯುವಾಗ

ಏಕಕಾಲಕ್ಕೆ ಎಷ್ಟು ಜನ ಎಂಬ ಫಲಕವಿದ್ದರೆ ಅದನ್ನು ಅಕ್ಷರಶಃ ಪಾಲಿಸಿ. ಫಲಕ ಇಲ್ಲದಿದ್ದರೆ ನಿಮ್ಮ ಗುಂಪನ್ನು ನೀವೇ ಒಡೆದುಕೊಳ್ಳಿ: ಐದಾರು ಜನ ದಾಟಿದ ಮೇಲೆ ಮುಂದಿನ ಐದಾರು ಜನ. ಒಬ್ಬರ ಹಿಂದೆ ಒಬ್ಬರು, ನಡುವೆ ಅಂತರ ಬಿಟ್ಟು, ಅವಸರವಿಲ್ಲದೆ ನಡೆಯಿರಿ. ಎಲ್ಲರೂ ಒಂದೇ ಬದಿಗೆ ಬಂದು ಬಾಗುವ ಸೆಲ್ಫಿ ಸೇತುವೆಯನ್ನು ಓರೆ ಮಾಡುತ್ತದೆ. ನಡುವೆ ನಿಂತು ಜಿಗಿದು ನೋಡುವ ಆಸೆ ಹರೆಯದವರಿಗೆ ಬರುವುದು ಸಹಜ, ಆದರೆ ಹಿಂದೆ ತಲೆಯ ಮೇಲೆ ಹೊರೆ ಇಟ್ಟುಕೊಂಡು ಬರುವ ಅಜ್ಜಿಯೊಬ್ಬರು ಇರಬಹುದು. ‘ಅಲ್ಲಾಡಿಸ್ಬೇಡಿ ಮಾರಾಯ್ರೆ’ ಎಂದು ಅವರು ಹೇಳುವ ಮುಂಚೆಯೇ ನಿಲ್ಲಿಸಿ.

ಎದುರಿನಿಂದ ಊರವರು ಬಂದರೆ ದಾರಿ ಅವರದು. ಸೈಕಲ್ಲು ನೂಕಿಕೊಂಡು, ಗ್ಯಾಸ್ ಸಿಲಿಂಡರು ಹೊತ್ತುಕೊಂಡು, ಶಾಲೆಯ ಚೀಲ ಹಾಕಿಕೊಂಡು ಬರುತ್ತಾರೆ. ನೀವು ಇನ್ನೂ ದಡದಲ್ಲಿದ್ದರೆ ಅಲ್ಲೇ ಕಾಯಿರಿ. ಮೇಲಿದ್ದರೆ ಬದಿಗೆ ಒರಗಿ ನಿಂತು ಬಿಟ್ಟುಕೊಡಿ. ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಹತ್ತದೇ ಇರುವುದೇ ಮೇಲು. ಅವರ ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ. ಕುದ್ರುವಿನ ಮನೆಗಳ ಮೇಲೆ ಡ್ರೋನು ಹಾರಿಸುವುದು ಬೇಡ, ಬಾವಿಕಟ್ಟೆ, ಅಂಗಳ ಎಲ್ಲ ತೆರೆದ ಜಾಗಗಳು.

ಸಣ್ಣ ಮಕ್ಕಳನ್ನು ಕೈ ಹಿಡಿದು ನಡೆಸಿ. ಹೆಗಲ ಮೇಲೆ ಕೂರಿಸಿಕೊಂಡರೆ ಕೈಹಿಡಿಯ ಎತ್ತರ ಮೀರಿಬಿಡುತ್ತದೆ. ಎತ್ತರಕ್ಕೆ ಹೆದರುವವರು ಕಾಲ ಕೆಳಗಿನ ನೀರನ್ನು ನೋಡದೆ ಆಚೆಯ ಗೋಪುರದ ಮೇಲೆ ದೃಷ್ಟಿ ಇಟ್ಟರೆ ತಲೆಸುತ್ತು ಕಡಿಮೆ. ಹರಿಯುವ ನೀರನ್ನು ದಿಟ್ಟಿಸಿದರೆ ಸೇತುವೆಯೇ ಪಕ್ಕಕ್ಕೆ ಜಾರುತ್ತಿದೆ ಅನ್ನಿಸುತ್ತದೆ. ಒದ್ದೆ ತಳದ ಮೇಲೆ ಪಾಚಿ ಕಟ್ಟಿರುತ್ತದೆ, ಹಿಡಿತವಿರುವ ಚಪ್ಪಲಿ ಇರಲಿ. ಫೋನಿಗೆ ದಾರ ಕಟ್ಟಿಕೊಳ್ಳಿ. ಸಂಜೆಯಾದರೆ ಸೊಳ್ಳೆ ಬಹಳ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅರಂಬೂರಿನ ಕಡೆ ಮಳೆ ನಿಂತ ಹೊಸತರಲ್ಲಿ ಹೊಳೆ ಇನ್ನೂ ತುಂಬಿದ್ದು ತಿಳಿಯಾಗಿರುತ್ತದೆ. ತೋಟಗಳಲ್ಲಿ ಅಡಿಕೆ ಕೊಯ್ಲು ನಡೆಯುವ ದಿನಗಳಾದ್ದರಿಂದ ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ. ಮೆಟ್ಟಿಕೊಂಡು ಹೋಗದಂತೆ ನೋಡಿಕೊಳ್ಳಿ. ಮಾರ್ಚಿನಿಂದ ಸೆಕೆ, ಮೇ ತಿಂಗಳಲ್ಲಿ ಬೆಟ್ಟದ ಹೊಳೆಗಳು ಬಂಡೆ ತೋರಿಸುತ್ತವೆ. ಅದಕ್ಕೂ ಒಂದು ಉಪಯೋಗ ಉಂಟು. ಬತ್ತಿದ ಹೊಳೆಯಲ್ಲಿ ನಿಂತು ಮೇಲೆ ತೂಗುವ ಸೇತುವೆಯನ್ನು ನೋಡಿದರೆ, ನೆರೆಯ ನೀರು ಎಲ್ಲಿಯವರೆಗೆ ಏರಬಹುದೆಂದು ಎಣಿಸಿ ಅದನ್ನು ಅಷ್ಟೆತ್ತರ ಇಟ್ಟರು ಎಂಬುದು ಅರ್ಥವಾಗುತ್ತದೆ. ದಡದ ಮರಗಳ ಕೊಂಬೆಗೆ ಸಿಕ್ಕಿಕೊಂಡ ಕಸಕಡ್ಡಿಯ ಎತ್ತರವೇ ಹೋದ ವರ್ಷದ ನೆರೆಯ ಗುರುತು. ಈ ಹೊತ್ತಿನಲ್ಲೂ ಹೊಂಡಗಳಿಗೆ ಈಜಲು ಇಳಿಯಬೇಡಿ, ಆಳ ಹೊರಗೆ ಕಾಣುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಖ್ಯವಾಗಿ ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಮಳೆಯಲ್ಲಿ, ಪ್ರವಾಸಕ್ಕೆಂದು ತೂಗುಸೇತುವೆ ಹತ್ತುವುದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಮಳೆಗಾಲದ ಹೊಳೆ ನೋಡಲು ಭವ್ಯ, ನಿಜ. ಆದರೆ ಗಾಳಿಯೂ ನೆರೆಯೂ ಸೇತುವೆಯನ್ನು ಪರೀಕ್ಷಿಸುವ ಆ ದಿನಗಳಲ್ಲಿ ಅದರ ಮೇಲಿನ ಭಾರ ಅಗತ್ಯ ಇರುವವರದು ಮಾತ್ರ ಆಗಿರಲಿ.

ಸುತ್ತಮುತ್ತ

ಸುಳ್ಯಕ್ಕೆ ಹೋದವರು ಕುಕ್ಕೆ ಸುಬ್ರಹ್ಮಣ್ಯವನ್ನು ಸೇರಿಸಿಕೊಂಡು ಅಲ್ಲೇ ರಾತ್ರಿ ಉಳಿಯಬಹುದು. ಮರುದಿನ ಮಂಗಳೂರು ಮಾರ್ಗವಾಗಿ ಉಡುಪಿ ಸೇರಿದರೆ ಎರಡು ದಿನದಲ್ಲಿ ಬೆಟ್ಟದ ಸೇತುವೆ, ಅಳಿವೆಯ ಸೇತುವೆ ಎರಡೂ ಆಗುತ್ತವೆ. ಕೆಮ್ಮಣ್ಣಿಗೆ ಹೋಗುವಾಗ ಅಥವಾ ಬರುವಾಗ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ನೋಡಬಹುದು. ಕುದ್ರುವಿನ ಕಡೆ ಊಟದ ಹೋಟೆಲು ಹುಡುಕಿಕೊಂಡು ಅಲೆಯುವ ಬದಲು ಸಂತೆಕಟ್ಟೆಯಲ್ಲೋ ಉಡುಪಿಯಲ್ಲೋ ಊಟ ಮುಗಿಸಿ ಬನ್ನಿ. ದಾರಿಯಲ್ಲಿ ಬೊಂಡ (ಎಳನೀರು) ಸಿಗುತ್ತದೆ. ಕುಡಿದ ಮೇಲೆ ಚಿಪ್ಪನ್ನು, ನಿಮ್ಮ ನೀರಿನ ಬಾಟಲಿಯನ್ನು ಹೊಳೆಗೆ ಎಸೆಯಬೇಡಿ. ಅಂಗಡಿಗಳಲ್ಲಿ ಫೋನಿನ ಪಾವತಿ ನಡೆಯುತ್ತದೆಯಾದರೂ ಕೈಯಲ್ಲಿ ಸ್ವಲ್ಪ ಚಿಲ್ಲರೆ ಇರಲಿ.

ಕೆಮ್ಮಣ್ಣಿನಿಂದ ಅದೇ ರಸ್ತೆಯಲ್ಲಿ ಹೂಡೆ ದಾಟಿ ಮುಂದೆ ಹೋದರೆ ಕೋಡಿಬೇಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಕಿರಿದಾದ ನೆಲದ ಪಟ್ಟಿ. ಅದರ ತುದಿಯಲ್ಲಿ ಸೀತಾ, ಸ್ವರ್ಣಾ ನದಿಗಳೆರಡೂ ಕೂಡಿ ಕಡಲು ಸೇರುತ್ತವೆ. ತೂಗುಸೇತುವೆಯ ಕೆಳಗೆ ನೋಡಿದ ನೀರು ಎಲ್ಲಿಗೆ ಹೋಯಿತು ಎಂದು ಮಕ್ಕಳಿಗೆ ತೋರಿಸಲು ಒಳ್ಳೆಯ ಜಾಗ. ಅಳಿವೆಯ ಬಾಯಿಯಲ್ಲಿ ಸೆಳೆತ ಜೋರು, ನೀರಿಗೆ ಇಳಿಯಬೇಡಿ. ಬಂದ ದಾರಿಯಲ್ಲೇ ಹಿಂದಿರುಗಲು ಮನಸ್ಸಿಲ್ಲದವರು ಇಲ್ಲಿಂದ ಬಾರ್ಜ್ ಹಿಡಿದು ಆಚೆ ದಡದ ಹಂಗಾರಕಟ್ಟೆಗೆ ದಾಟಬಹುದು. ಅಲ್ಲಿಂದ ಸಾಸ್ತಾನಕ್ಕೆ ಬಂದರೆ ಮತ್ತೆ ಹೆದ್ದಾರಿ. ಹೊತ್ತಿದ್ದರೆ ಹಳೆಯ ರಾಜಧಾನಿ ಬಾರ್ಕೂರು ಕೂಡ ಹತ್ತಿರದಲ್ಲೇ ಇದೆ. ಬಾರ್ಜ್ ಇಡೀ ದಿನ ಒಂದೇ ಸಮನೆ ಓಡುತ್ತದೆ ಎಂದುಕೊಂಡು ಹೋಗಬೇಡಿ. ಕೊನೆಯ ಸರದಿ ಎಷ್ಟು ಹೊತ್ತಿಗೆ, ಕಾರು ಹತ್ತಿಸುತ್ತಾರೋ ಇಲ್ಲವೋ ಎಂಬುದನ್ನು ಕೋಡಿಬೇಂಗ್ರೆಯ ಕಡವಿನಲ್ಲಿ ವಿಚಾರಿಸಿಯೇ ಹೊರಡಿ.